ರೆಕ್ಕೆ ಮೇಲೆ ಹಿಮ ಇದೆ ಅಂತ ಯಾರು ಹೇಳಬೇಕಿತ್ತು?

ಭಾಗ 1

ಬ್ಯಾಂಕ್ ರಾಷ್ಟ್ರೀಕರಣದ ಸರಣಿ ಓದಿ ಮೆಸೇಜ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಈ ಸಲ ವಿಮಾನದ ಕಥೆ, ಒಟ್ಟು ಏಳು ಭಾಗ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಫೋಟೊದಲ್ಲಿರೋದು ಫಾಕರ್ ಎಫ್-28. ಡಚ್ ಕಂಪನಿಯ ಚಿಕ್ಕ ಜೆಟ್, ಎರಡೂ ಎಂಜಿನ್ ಬಾಲದ ಹತ್ತಿರ. 1989ರ ಮಾರ್ಚ್ 10, ಶುಕ್ರವಾರ. ಇಂಥದ್ದೇ ಒಂದು ವಿಮಾನ ಕೆನಡಾದ ಒಂಟಾರಿಯೊ ಪ್ರಾಂತ್ಯದ ಡ್ರೈಡನ್ ಅನ್ನೋ ಪುಟ್ಟ ಊರಲ್ಲಿ ನಿಂತಿತ್ತು. ಏರ್ ಒಂಟಾರಿಯೊ, ಫ್ಲೈಟ್ 1363. ಒಳಗೆ 65 ಪ್ರಯಾಣಿಕರು, ಇಬ್ಬರು ಪೈಲಟ್, ಇಬ್ಬರು ಗಗನಸಖಿಯರು. ಮಕ್ಕಳಿಗೆ ಮಾರ್ಚ್ ರಜೆ ಶುರುವಾಗೋ ಹೊತ್ತು, ಹಾಗಾಗಿ ವಿಮಾನ ತುಂಬಿತ್ತು. ಹೊರಗೆ ಹಿಮ ಬೀಳ್ತಾ ಇತ್ತು.

ಆ ಹಿಮ ರೆಕ್ಕೆ ಮೇಲೆ ಕೂರ್ತಾ ಇರೋದನ್ನ ಕಿಟಕಿ ಪಕ್ಕದವರು ನೋಡಿದ್ರು. ಪ್ರಯಾಣಿಕರ ನಡುವೆ ಕೂತಿದ್ದ, ಡ್ಯೂಟಿಯಲ್ಲಿಲ್ಲದ ಇಬ್ಬರು ಏರ್‌ಲೈನ್ ಕ್ಯಾಪ್ಟನ್‌ಗಳೂ ನೋಡಿದ್ರು. ಗಗನಸಖಿಯೂ ನೋಡಿದ್ಲು. ಆ ಸುದ್ದಿ ಕಾಕ್‌ಪಿಟ್‌ಗೆ ಮಾತ್ರ ಹೋಗಲಿಲ್ಲ. ಮಧ್ಯಾಹ್ನ 12 ದಾಟಿ ಕೆಲವೇ ನಿಮಿಷಕ್ಕೆ ವಿಮಾನ ರನ್‌ವೇ ಮುಗಿದ ಮೇಲಿನ ಕಾಡಿಗೆ ನುಗ್ಗಿ ಮೂರು ತುಂಡಾಯ್ತು, ಬೆಂಕಿ ಹತ್ತಿಕೊಂಡಿತು. 24 ಜನ ಸತ್ತರು.

ಅಷ್ಟು ಜನ ನೋಡಿದ್ದರೂ ಯಾಕೆ ಯಾರೂ ಬಾಯಿ ಬಿಡಲಿಲ್ಲ? ಉತ್ತರ ಹುಡುಕೋಕೆ ಕೆನಡಾ ಸರ್ಕಾರ ಒಬ್ಬ ನ್ಯಾಯಾಧೀಶರನ್ನ ನೇಮಿಸಿತು. ಅವರಿಗೆ ಮೂರು ವರ್ಷ ಹಿಡೀತು.

ಭಾಗ 2

ಮೊದಲು ಅವತ್ತಿನ ಬೆಳಗ್ಗೆಗೆ ಹೋಗೋಣ.

ವಿಮಾನದ ಬಾಗಿಲಲ್ಲಿ ನಗುತ್ತಾ ನಿಂತವರನ್ನ ನೋಡಿದಾಗ ನಮಗೆ ಟೀ, ಕಾಫಿ, ಸ್ಯಾಂಡ್‌ವಿಚ್ ನೆನಪಾಗತ್ತೆ. ಆದ್ರೆ ನಾವು ಹತ್ತೋ ಮುಂಚೆಯೇ ಅವರು ಒಂದು ಸುತ್ತು ಕೆಲಸ ಮುಗಿಸಿರ್ತಾರೆ. ಬೆಂಕಿ ಆರಿಸೋ ಸಿಲಿಂಡರ್‌ನ ಮುಳ್ಳು ಹಸಿರಲ್ಲಿದೆಯಾ, ಆಕ್ಸಿಜನ್ ಬಾಟಲಿ ತುಂಬಿದೆಯಾ, ಟಾರ್ಚ್ ಹತ್ತತ್ತಾ, ತುರ್ತು ದೀಪ ಉರೀತಿದೆಯಾ, ಬಾಗಿಲು ಸರಿಯಾಗಿ ಕೂರತ್ತಾ ಅಂತ ಒಂದೊಂದನ್ನೂ ನೋಡಬೇಕು. ಕೊರತೆ ಕಂಡ್ರೆ ಹೇಳಬೇಕು.

ಫ್ಲೈಟ್ 1363ರ ಕ್ಯಾಬಿನ್ ಸಿಬ್ಬಂದಿಗೆ ಅವತ್ತು ಕೊರತೆಗಳು ಕಂಡಿದ್ವು. ತುರ್ತು ನಿರ್ಗಮನದ ದೀಪ ಸರಿ ಇರಲಿಲ್ಲ. ಆಕ್ಸಿಜನ್ ಮಾಸ್ಕ್‌ಗೆ ಬೇಕಾದ ಸಲಕರಣೆ ಇರಲಿಲ್ಲ. ಮುಖ್ಯ ಬಾಗಿಲು ಹಾಕೋದಕ್ಕೆ ತೊಂದರೆ ಇತ್ತು. ಆದರೂ ವಿಮಾನ ಹೊರಟಿತು.

ಇದೇನು ಕಾನೂನುಬಾಹಿರ ಅಂದ್ಕೋಬೇಡಿ. ವಿಮಾನಯಾನದಲ್ಲಿ ಒಂದು ಪಟ್ಟಿ ಇರತ್ತೆ. ಯಾವ ಸಾಮಾನು ಕೆಟ್ಟಿದ್ರೂ ಎಷ್ಟು ದಿನ ಹಾರಬಹುದು, ಯಾವುದು ಕೆಟ್ಟರೆ ನೆಲ ಬಿಡೋ ಹಾಗೇ ಇಲ್ಲ ಅಂತ ಅದರಲ್ಲಿ ಬರೆದಿರತ್ತೆ. ಪಟ್ಟಿ ಒಪ್ಪಿದ್ರೆ ರಿಪೇರಿ ಮುಂದಕ್ಕೆ ಹಾಕಬಹುದು. ಏರ್ ಒಂಟಾರಿಯೊ ಜೆಟ್ ಹಾರಿಸೋಕೆ ಶುರು ಮಾಡಿದ್ದೇ 1988ರಲ್ಲಿ, ಅದಕ್ಕೂ ಮುಂಚೆ ಪ್ರೊಪೆಲ್ಲರ್ ವಿಮಾನಗಳ ಕಂಪನಿ. ಮೊದಲ ಕೆಲವು ತಿಂಗಳು ಈ ಎಫ್-28ಕ್ಕೆ ಅನುಮೋದಿತ ಪಟ್ಟಿಯೇ ಇರಲಿಲ್ಲ, ಹಾಗೇ ಹಾರಿಸಿದ್ದರು.

ಮುಂದಕ್ಕೆ ಹಾಕಿದ ಆ ಬಾಕಿಗಳಲ್ಲಿ ಒಂದನ್ನ ಮಾತ್ರ ತಲೆಯಲ್ಲಿಟ್ಕೊಳ್ಳಿ. ವಿಮಾನದ ಬಾಲದಲ್ಲಿ ಎಪಿಯು ಅನ್ನೋ ಪುಟ್ಟ ಎಂಜಿನ್ ಇರತ್ತೆ. ದೊಡ್ಡ ಎಂಜಿನ್‌ಗಳನ್ನ ಸ್ಟಾರ್ಟ್ ಮಾಡೋದಕ್ಕೆ ಗಾಳಿ, ಕರೆಂಟು ಕೊಡೋದು ಅದೇ. ಈ ವಿಮಾನದಲ್ಲಿ ಅದು ಐದು ದಿನದಿಂದ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಪರವಾಗಿಲ್ಲ, ದೊಡ್ಡ ನಿಲ್ದಾಣಗಳಲ್ಲಿ ನೆಲದ ಮೇಲಿನ ಯಂತ್ರ ತಂದು ಸ್ಟಾರ್ಟ್ ಮಾಡಬಹುದು.

ಡ್ರೈಡನ್‌ನಲ್ಲಿ ಆ ಯಂತ್ರ ಇರಲಿಲ್ಲ.

ಭಾಗ 3

ಈ ಭಾಗ ಕಾಮರ್ಸ್ ಓದೋರಿಗೆ.

ವಿಮಾನ ಅವತ್ತು ವಿನಿಪೆಗ್‌ನಿಂದ ಡ್ರೈಡನ್ ಮೇಲೆ ಥಂಡರ್ ಬೇಗೆ ಬಂದು, ಅದೇ ದಾರಿಯಲ್ಲಿ ವಾಪಸ್ ಹೋಗಬೇಕಿತ್ತು. ಥಂಡರ್ ಬೇಯಲ್ಲಿ ಇಂಧನ ತುಂಬಿಸಿ ರೆಡಿ ಆಗಿದ್ದಾಗ, ಬೇರೆ ಒಂದು ವಿಮಾನ ರದ್ದಾಗಿ ಅಲ್ಲಿಯ 10 ಜನರನ್ನ ಇದಕ್ಕೆ ಹತ್ತಿಸಿದ್ರು. ತೂಕ ಮಿತಿ ಮೀರಿತು. ಕ್ಯಾಪ್ಟನ್ ಆ ಹತ್ತು ಜನರನ್ನ ಇಳಿಸೋಣ ಅಂದರು. ಕಂಪನಿಯ ಕಾರ್ಯಾಚರಣೆ ವಿಭಾಗ, ಜನ ಇರಲಿ, ಇಂಧನ ಇಳಿಸಿ ಅಂತು.

ಲೆಕ್ಕದಲ್ಲಿ ನೋಡಿದ್ರೆ ತಪ್ಪೇನು? ಹತ್ತು ಟಿಕೆಟ್ ಉಳಿದವು, ಹತ್ತು ಜನ ಬೈಯೋದು ತಪ್ಪಿತು. ಖರ್ಚು ಬಿದ್ದದ್ದು ಬೇರೆ ಖಾತೆಗೆ. ತುಂಬಿಸಿದ ಇಂಧನವನ್ನ ಹೊರತೆಗೆಯೋಕೆ ಸಮಯ ಹೋಯ್ತು, ವಿಮಾನ ಹೆಚ್ಚುಕಮ್ಮಿ ಒಂದು ಗಂಟೆ ತಡ ಆಯ್ತು. ವಿನಿಪೆಗ್‌ನಲ್ಲಿ ಮುಂದಿನ ವಿಮಾನ ಹಿಡೀಬೇಕಾದವರು ಚಡಪಡಿಸ್ತಾ ಇದ್ರು. ಇಳಿಸಿದ ಇಂಧನವನ್ನ ಡ್ರೈಡನ್‌ನಲ್ಲಿ ಮತ್ತೆ ತುಂಬಿಸಬೇಕಾಯ್ತು. ಅಂದ್ರೆ ಅಲ್ಲಿ ನಿಲ್ಲೋ ಹೊತ್ತು ಜಾಸ್ತಿ ಆಯ್ತು, ಹಿಮ ಬೀಳ್ತಿದ್ದ ಹೊತ್ತಲ್ಲೇ.

ಇನ್ನೊಂದು ವಿಷಯ. ಆ ಕ್ಯಾಪ್ಟನ್ ಹೊಸಬ ಅಲ್ಲ. 24,000 ಗಂಟೆಗೂ ಹೆಚ್ಚು ಹಾರಿಸಿದ ಮನುಷ್ಯ. ಆದ್ರೆ ಈ ಮಾದರಿಯ ಜೆಟ್‌ನಲ್ಲಿ 100 ಗಂಟೆಯೂ ಆಗಿರಲಿಲ್ಲ.

ಭಾಗ 4

ಡ್ರೈಡನ್‌ನಲ್ಲಿ ವಿಮಾನ ಸುಮಾರು ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯನ್ನ ನಿಧಾನಕ್ಕೆ ನೋಡೋಣ.

ಎಂಜಿನ್ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಮಾಡೋಕೆ ದಾರಿ ಇಲ್ಲ. ಅದಕ್ಕೆ ಒಂದು ಎಂಜಿನ್ ಓಡ್ತಾ ಇರೋವಾಗಲೇ, ಪ್ರಯಾಣಿಕರು ಒಳಗೇ ಇರೋವಾಗಲೇ ಇಂಧನ ತುಂಬಿಸಿದ್ರು. ಹಿಮ ರೆಕ್ಕೆ ಮೇಲೆ ಕೂರೋಕೆ ಶುರುವಾಯ್ತು. ರೆಕ್ಕೆ ತೊಳೆದು ಹಿಮ ತೆಗೆಯೋ ಕೆಲಸಕ್ಕೆ ಡೀ-ಐಸಿಂಗ್ ಅಂತಾರೆ, ಬಿಸಿ ಮಾಡಿದ ದ್ರವ ಸಿಂಪಡಿಸ್ತಾರೆ. ಈ ವಿಮಾನದಲ್ಲಿ ಎಂಜಿನ್ ಓಡ್ತಾ ಇರೋವಾಗ ಅದನ್ನ ಮಾಡೋ ಹಾಗಿಲ್ಲ ಅನ್ನೋದು ನಿಯಮ.

ಈಗ ಗಂಟು ಕಾಣ್ತಾ? ಹಿಮ ತೆಗೀಬೇಕು ಅಂದ್ರೆ ಎಂಜಿನ್ ಆಫ್ ಮಾಡಬೇಕು. ಎಂಜಿನ್ ಆಫ್ ಮಾಡಿದ್ರೆ 69 ಜನ ಈ ಪುಟ್ಟ ಊರಲ್ಲೇ ಉಳೀಬೇಕು. ಬೆಳಗ್ಗೆ ಮುಂದಕ್ಕೆ ಹಾಕಿದ ಆ ರಿಪೇರಿ, ಮಧ್ಯಾಹ್ನದ ಹೊತ್ತಿಗೆ 'ರೆಕ್ಕೆ ಮೇಲೆ ಹಿಮ ಇದೆ' ಅನ್ನೋ ಸಾದಾ ಮಾತನ್ನ ದುಬಾರಿ ಮಾಡಿಟ್ಟಿತ್ತು. ಹೇಳೋರಿಗೂ, ಕೇಳೋರಿಗೂ.

ಹಿಮ ಸ್ವಲ್ಪ ಇದ್ರೆ ಏನಾಗತ್ತೆ ಅಂತ ನಮ್ಮ ಕಡೆಯವರಿಗೆ ಅನ್ನಿಸೋದು ಸಹಜ. ರೆಕ್ಕೆಯ ಮೇಲ್ಮೈ ನುಣುಪಾಗಿದ್ರೆ ಮಾತ್ರ ಗಾಳಿ ಅದಕ್ಕೆ ಅಂಟಿಕೊಂಡು ಹರಿದು ವಿಮಾನವನ್ನ ಎತ್ತತ್ತೆ. ಬಡಗಿಗಳು ಉಪ್ಪುಕಾಗದ ಅಂತಾರಲ್ಲ, ಅಷ್ಟು ಒರಟುತನ ಸಾಕು, ಎತ್ತೋ ಬಲ ಗಣನೀಯವಾಗಿ ಕಮ್ಮಿ ಆಗತ್ತೆ. ಎಫ್-28ರ ರೆಕ್ಕೆಯ ಮುಂಚೂಣಿಯಲ್ಲಿ, ನಿಧಾನ ವೇಗದಲ್ಲಿ ನೆರವಾಗೋ ಸ್ಲ್ಯಾಟ್ ಅನ್ನೋ ಭಾಗಗಳೂ ಇರಲಿಲ್ಲ. ಹಾಗಾಗಿ ಇಂಥ ಒರಟುತನಕ್ಕೆ ಅದು ಇನ್ನೂ ಸೂಕ್ಷ್ಮ.

ಒಬ್ಬ ಪ್ರಯಾಣಿಕರು ಹಿಮ ತೆಗೆಯೋ ವಿಷಯವನ್ನ ಗಗನಸಖಿ ಹತ್ತಿರ ಎತ್ತಿದ್ರು. ಆಕೆ ಸೋನಿಯಾ ಹಾರ್ಟ್‌ವಿಕ್. ಆಕೆಗೂ ಆತಂಕ ಇತ್ತು. ಆ ಪ್ರಶ್ನೆ ಮುಂದೆ ಹೋಗಲಿಲ್ಲ. ಕಾಕ್‌ಪಿಟ್ ಬಾಗಿಲು ಕೆಲವೇ ಹೆಜ್ಜೆ ದೂರ. ಮುಂದೆ ಕೂತ ಪೈಲಟ್‌ಗೆ ರೆಕ್ಕೆ ಸರಿಯಾಗಿ ಕಾಣೋದಿಲ್ಲ, ಅದು ತುಂಬಾ ಹಿಂದೆ ಇರತ್ತೆ. ಕ್ಯಾಬಿನ್‌ನಲ್ಲಿರೋರಿಗೆ ಕಣ್ಣೆದುರೇ ಇರತ್ತೆ. ಅಂದ್ರೆ ಆ ವಿಮಾನದಲ್ಲಿ ಅಪಾಯ ಕಾಣಿಸ್ತಿದ್ದವರು ಬೇರೆ, ನಿರ್ಧಾರ ಮಾಡೋರು ಬೇರೆ.

ಆಮೇಲೆ ಇನ್ನೂ ಒಂದು ತಡ. ಹವಾಮಾನ ಕೆಟ್ಟು ಒದ್ದಾಡ್ತಿದ್ದ ಒಂದು ಚಿಕ್ಕ ಸೆಸ್ನಾ ವಿಮಾನ ಇಳಿಯೋವರೆಗೆ ಇವರು ಕಾಯಬೇಕಾಯ್ತು. ಹಿಮ ಬೀಳ್ತಾನೇ ಇತ್ತು.

ಕೊನೆಗೆ ಓಟ ಶುರುವಾಯ್ತು. ಮೇಲಿನ ಸಡಿಲ ಹಿಮ ಹಾರಿಹೋಯ್ತು, ಕೆಳಗಿನ ಪದರ ಅಂಟಿಕೊಂಡೇ ಇತ್ತು. ವಿಮಾನ ನೆಲ ಬಿಟ್ಟು, ಮತ್ತೆ ನೆಲಕ್ಕೆ ಕೂತು, ಇನ್ನೊಮ್ಮೆ ಎದ್ದಿತು. ಮೇಲೇರಲಿಲ್ಲ. ರನ್‌ವೇಯಿಂದ ಒಂದು ಕಿಲೋಮೀಟರ್ ಕೂಡ ದಾಟದೆ ಮರಗಳನ್ನ ಸೀಳಿಕೊಂಡು ಬಿತ್ತು.

ಇಬ್ಬರೂ ಪೈಲಟ್‌ಗಳು ಹೋದರು. ಇನ್ನೊಬ್ಬ ಗಗನಸಖಿಯೂ ಹೋದರು. 21 ಪ್ರಯಾಣಿಕರು ಹೋದರು. 45 ಜನ ಬದುಕಿದರು. ಸಿಬ್ಬಂದಿಯಲ್ಲಿ ಉಳಿದವರು ಹಾರ್ಟ್‌ವಿಕ್ ಒಬ್ಬರೇ, ಬದುಕಿದವರು ಹೊರಗೆ ಬರೋಕೆ ನೆರವಾದವರೂ ಅವರೇ.

ಭಾಗ 5

ಮುಂದೆ ತನಿಖೆಯಲ್ಲಿ ಸಾಕ್ಷಿ ಹೇಳೋಕೆ ನಿಂತಾಗ ಆಕೆ ಹೇಳಿದ್ದರ ಸಾರ ಇದು: ವಿಮಾನ ಹಾರಿಸೋ ವಿಚಾರದಲ್ಲಿ ಪೈಲಟ್‌ಗಳಿಗೆ ನಾವು ಹೇಳೋದು ಅವರಿಗೆ ಬೇಕಿರಲ್ಲ, ಅವರನ್ನ ನಂಬಿ ಸುಮ್ಮನಿರಬೇಕು ಅನ್ನೋ ಭಾವನೆ ನಮ್ಮಲ್ಲಿ ಬೇರೂರಿತ್ತು.

ಇದನ್ನ ಓದಿ ಸಿಟ್ಟು ಬರತ್ತೆ, ನನಗೂ ಬಂತು. ಆದ್ರೆ ಆ ಭಾವನೆ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಕಥೆ 1930ಕ್ಕೆ ಹೋಗತ್ತೆ. ಅಮೆರಿಕದ ಎಲೆನ್ ಚರ್ಚ್ ಅನ್ನೋ ನರ್ಸ್‌ಗೆ ವಿಮಾನ ಹಾರಿಸೋಕೆ ಬರ್ತಿತ್ತು. ಪೈಲಟ್ ಕೆಲಸ ಕೇಳಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಗೆ ಹೋದರು. ಕೊಡಲಿಲ್ಲ. ವಿಮಾನದಲ್ಲಿ ನರ್ಸ್‌ಗಳಿದ್ರೆ ಜನರ ಭಯ ಕಮ್ಮಿ ಆಗತ್ತೆ ಅಂತ ಅವರೇ ಸಲಹೆ ಕೊಟ್ಟಾಗ ಕಂಪನಿ ಒಪ್ಪಿತು. 1930ರ ಮೇ 15ರಂದು ಅವರು ಜಗತ್ತಿನ ಮೊದಲ ಗಗನಸಖಿಯಾಗಿ ಹಾರಿದರು. ಮದುವೆ ಆಗಿರಬಾರದು, ವಯಸ್ಸು 25 ದಾಟಿರಬಾರದು, ತೂಕ ಇಷ್ಟೇ ಇರಬೇಕು ಅನ್ನೋ ಷರತ್ತುಗಳು. ಕ್ಯಾಪ್ಟನ್‌ಗೆ ಸೈನಿಕರ ಥರ ಸಲ್ಯೂಟ್ ಹೊಡೀಬೇಕು ಅಂತಾನೂ ಆಗಿನ ಕೈಪಿಡಿಯಲ್ಲಿತ್ತು.

ವಿಮಾನ ಹಾರಿಸೋಕೆ ಬರೋ ಹೆಣ್ಣುಮಗಳಿಂದಲೇ ಶುರುವಾದ ಕೆಲಸ, ಮೊದಲ ದಿನದಿಂದಲೇ ಅವಳನ್ನ ಕಾಕ್‌ಪಿಟ್ ಬಾಗಿಲಿನ ಈಚೆಗೆ ನಿಲ್ಲಿಸಿತು.

ನಮ್ಮ ದೇಶದಲ್ಲೂ ಕಥೆ ಬೇರೆ ಇರಲಿಲ್ಲ. ಏರ್ ಇಂಡಿಯಾದ ಗಗನಸಖಿಯರು 35 ವರ್ಷಕ್ಕೆ ನಿವೃತ್ತಿ ಆಗಬೇಕಿತ್ತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಸಲ ಗರ್ಭಿಣಿಯಾದರೆ, ಅದಕ್ಕೂ ಮುಂಚೆಯೇ ಹೊರಗೆ. ನರ್ಗೇಶ್ ಮಿರ್ಜಾ ಅನ್ನೋರ ಹೆಸರಲ್ಲಿರೋ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1981ರಲ್ಲಿ ಕೋರ್ಟ್ ಗರ್ಭಧಾರಣೆಯ ನಿಯಮವನ್ನ ರದ್ದು ಮಾಡಿತು. ಮದುವೆಯ ನಿಯಮವನ್ನ ಎತ್ತಿಹಿಡಿಯಿತು! ಲಾ ಓದೋ ಗೆಳೆಯರಿದ್ರೆ ಕೇಳಿ, ಅವರಿಗೆ ಇದು ಪಾಠದಲ್ಲೇ ಇರತ್ತೆ. ಮದುವೆಯಾದ್ರೆ ಕೆಲಸ ಬಿಡು ಅನ್ನಿಸಿಕೊಳ್ಳೋಳು ಕ್ಯಾಪ್ಟನ್ ಹತ್ತಿರ ಹೋಗಿ 'ಸರ್, ರೆಕ್ಕೆ ನೋಡಿ' ಅನ್ನೋ ಧೈರ್ಯವನ್ನ ಎಲ್ಲಿಂದ ತರಬೇಕು?

ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ಪೂರ್ತಿ ನ್ಯಾಯ ಆಗಲ್ಲ. ಆ ಇಬ್ಬರು ಕ್ಯಾಪ್ಟನ್‌ಗಳು ಗಂಡಸರು, ಅನುಭವಿಗಳು, ಹಿಮದಿಂದ ಏನಾಗತ್ತೆ ಅಂತ ಪಕ್ಕಾ ಗೊತ್ತಿದ್ದವರು. ಅವರೂ ಸುಮ್ಮನಿದ್ದರು. ಇನ್ನೊಬ್ಬ ಕ್ಯಾಪ್ಟನ್‌ನ ವಿಮಾನದಲ್ಲಿ ತಲೆ ಹಾಕಬಾರದು ಅನ್ನೋ ವೃತ್ತಿ ಮರ್ಯಾದೆ, ಜೊತೆಗೆ ಹೇಗಿದ್ರೂ ಹಿಮ ತೆಗೆಸ್ತಾರೆ ಬಿಡು ಅನ್ನೋ ನಂಬಿಕೆ. ಅಧಿಕಾರ ಇಲ್ಲ ಅಂತ ಒಬ್ಬರು, ಮರ್ಯಾದೆ ಅಲ್ಲ ಅಂತ ಇನ್ನಿಬ್ಬರು. ನನ್ನ ಪ್ರಕಾರ ಇಡೀ ಘಟನೆಯಲ್ಲಿ ತಲೆ ಕೆಡಿಸೋ ವಿಷಯ ಇದೇ.

ಭಾಗ 6

ಇದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಜನವರಿ 8ರಂದು, ಇಂಗ್ಲೆಂಡ್‌ನ ಕೆಗ್‌ವರ್ತ್‌ನಲ್ಲಿ ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737 ಬಿದ್ದಿತ್ತು. ಕೆಟ್ಟಿದ್ದು ಎಡ ಎಂಜಿನ್. ಪೈಲಟ್‌ಗಳು ಆಫ್ ಮಾಡಿದ್ದು ಬಲದ್ದು. ಬಲ ಎಂಜಿನ್‌ಗೆ ತೊಂದರೆ ಅಂತ ಕ್ಯಾಪ್ಟನ್ ಮೈಕ್‌ನಲ್ಲಿ ಹೇಳಿದ್ರು. ಹಿಂದೆ ಕೂತ ಎಷ್ಟೋ ಪ್ರಯಾಣಿಕರು, ಕ್ಯಾಬಿನ್ ಸಿಬ್ಬಂದಿಯಲ್ಲಿ ಮೂವರು, ಎಡ ಎಂಜಿನ್‌ನಿಂದ ಬೆಂಕಿ ಬರೋದನ್ನ ನೋಡಿದ್ದರು. ಆ ಮಾಹಿತಿ ಮುಂದಕ್ಕೆ ತಲುಪಲಿಲ್ಲ. 126 ಜನರಲ್ಲಿ 47 ಮಂದಿ ಸತ್ತರು. ಪೈಲಟ್‌ಗಳಿಗೂ ಕ್ಯಾಬಿನ್ ಸಿಬ್ಬಂದಿಗೂ ಒಟ್ಟಿಗೆ ತರಬೇತಿ ಕೊಡಿ ಅಂತ ಅಲ್ಲಿಯ ತನಿಖೆಯೂ ಹೇಳಿತು.

ಡ್ರೈಡನ್ ತನಿಖೆ ನಡೆಸಿದವರು ಆಲ್ಬರ್ಟಾದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್‌ಸ್ಕಿ. ಪೈಲಟ್ ತಪ್ಪು ಅಂತ ಬರೆದು ಮುಗಿಸಬಹುದಿತ್ತು, ಸತ್ತವರು ವಾದ ಮಾಡೋಕೆ ಬರಲ್ಲ. ಅವರು ಹಾಗೆ ಮಾಡಲಿಲ್ಲ. 166 ಸಾಕ್ಷಿಗಳನ್ನ ಕೇಳಿ, ಕಂಪನಿ, ತರಬೇತಿ, ರಿಪೇರಿ, ಸರ್ಕಾರಿ ಇಲಾಖೆಯ ಮೇಲ್ವಿಚಾರಣೆ ಎಲ್ಲವನ್ನೂ ಜಾಲಾಡಿದರು. 1992ರ ಮಾರ್ಚ್‌ನಲ್ಲಿ ಅಂತಿಮ ವರದಿ, 191 ಶಿಫಾರಸು. ಹೊರಡೋ ನಿರ್ಧಾರದ ಹೊಣೆ ಕ್ಯಾಪ್ಟನ್‌ದೇ, ಆದ್ರೆ ಆ ನಿರ್ಧಾರದ ಮೂಲೆಗೆ ಅವರನ್ನ ತಳ್ಳಿದ್ದು ಇಡೀ ವ್ಯವಸ್ಥೆ ಅಂತ ವರದಿ ಹೇಳಿತು. ಅದೇ ಮಾರ್ಚ್ 22ರಂದು ನ್ಯೂಯಾರ್ಕ್‌ನಲ್ಲಿ ಇನ್ನೊಂದು ಎಫ್-28, ಮತ್ತೆ ರೆಕ್ಕೆ ಮೇಲಿನ ಮಂಜುಗಡ್ಡೆಯಿಂದಲೇ ಬಿದ್ದು 27 ಜನ ಸತ್ತರು ಅನ್ನೋದನ್ನ ಓದಿದಾಗ ಮೈ ಝುಂ ಅಂತು.

ಈಗ ಕೆನಡಾದ ನಿಯಮದಲ್ಲಿ ಒಂದು ಸಾಲಿದೆ. ಟೇಕಾಫ್‌ಗೆ ಮುಂಚೆ ರೆಕ್ಕೆ ಮೇಲೆ ಹಿಮ, ಮಂಜುಗಡ್ಡೆ ಕಂಡ ಸಿಬ್ಬಂದಿ ಯಾರೇ ಇರಲಿ, ತಕ್ಷಣ ಪೈಲಟ್‌ಗೆ ತಿಳಿಸಲೇಬೇಕು. ತಿಳಿಸಿದ ಮೇಲೆ ಪರೀಕ್ಷೆ ಮಾಡಲೇಬೇಕು. ಹೇಳೋಕೆ ಧೈರ್ಯ ಬೇಕಿದ್ದ ಮಾತು ಈಗ ಡ್ಯೂಟಿಯ ಭಾಗ.

ನಮ್ಮ ಮಂಗಳೂರನ್ನ ಇಲ್ಲಿ ನೆನೆಯದೆ ಇರೋಕಾಗಲ್ಲ. 2010ರ ಮೇ 22, ಬಜ್ಪೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. 158 ಸಾವು, ಬದುಕಿದ್ದು 8 ಜನ. ಅಲ್ಲಿ ಸಹಪೈಲಟ್ ಸುಮ್ಮನಿರಲಿಲ್ಲ. ಇಳಿಯೋದು ಬೇಡ, ಮತ್ತೆ ಮೇಲೇರೋಣ ಅಂತ ಮೂರು ಸಲ ಹೇಳಿದ್ದರು ಅಂತ ತನಿಖಾ ವರದಿಯಲ್ಲಿದೆ. ಕ್ಯಾಪ್ಟನ್ ಇಳಿಸೋಕೇ ಹೋದರು.

ಭಾಗ 7

ಹೇಳೋದು ಡ್ಯೂಟಿ ಆಯ್ತು ಅಂದ್ಕೊಳ್ಳಿ. ಹೇಳಿದ ಮೇಲೆ?

2014ರ ಜುಲೈ 14, ಸ್ಯಾನ್ ಫ್ರಾನ್ಸಿಸ್ಕೊ. ಹಾಂಗ್‌ಕಾಂಗ್‌ಗೆ ಹೊರಡಬೇಕಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 747. ಬಾಲದ ಹತ್ತಿರ, ಎಣ್ಣೆ ಮೆತ್ತಿದ ಜಾಗದಲ್ಲಿ ಯಾರೋ 'ಬೈ ಬೈ' ಅಂತ ಬರೆದು, ಪಕ್ಕದಲ್ಲಿ ಎರಡು ಮುಖ ಗೀಚಿದ್ದರು. ಮಲೇಷ್ಯಾದ ಎಂಎಚ್370 ಕಾಣೆಯಾಗಿ ನಾಲ್ಕು ತಿಂಗಳಾಗಿತ್ತು. ಪ್ರಯಾಣಿಕರನ್ನ ಇಳಿಸಿ ವಿಮಾನ ಪೂರ್ತಿ ಶೋಧಿಸಿ ಅಂತ ಕ್ಯಾಬಿನ್ ಸಿಬ್ಬಂದಿಯ 13 ಮಂದಿ ಕೇಳಿದರು. ಪರಿಶೀಲನೆ ಆಗಿದೆ, ಅಪಾಯ ಇಲ್ಲ ಅಂತ ಕಂಪನಿ ಹೇಳಿತು. ಹದಿಮೂರೂ ಜನ ಹಾರೋಕೆ ಒಪ್ಪಲಿಲ್ಲ. ವಿಮಾನ ರದ್ದಾಯ್ತು. ಆದೇಶ ಮೀರಿದರು ಅಂತ ಅಕ್ಟೋಬರ್‌ನಲ್ಲಿ ಅಷ್ಟೂ ಜನರನ್ನ ಕೆಲಸದಿಂದ ತೆಗೆದುಹಾಕಿದರು.

ಯಾರೋ ಕಿಡಿಗೇಡಿ ಬರೆದದ್ದಕ್ಕೆ ಇಷ್ಟು ಗಲಾಟೆ ಬೇಕಿತ್ತಾ ಅಂತ ನೀವು ಕೇಳಬಹುದು. ಒಂದು 747 ನಿಂತ್ರೆ ಕಂಪನಿಗೆ ಎಷ್ಟು ನಷ್ಟ ಅಂತ ನಾವು ಕಾಸ್ಟಿಂಗ್ ಕ್ಲಾಸಲ್ಲಿ ಆರಾಮಾಗಿ ಲೆಕ್ಕ ಹಾಕಬಹುದು. ಬಾಗಿಲ ಹತ್ತಿರ ನಿಂತ ಆ 13 ಜನರಿಗೆ ಅವತ್ತು ಗೊತ್ತಿದ್ದದ್ದು ಎರಡೇ: ಗೋಡೆ ಮೇಲಲ್ಲ, ತಾವು ಹತ್ತಬೇಕಾದ ವಿಮಾನದ ಮೇಲೇ ಬರೆದಿದ್ದಾರೆ, ಬರೆದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ನನಗೆ ಅವರು ಕೇಳಿದ್ದು ಜಾಸ್ತಿ ಅನ್ನಿಸಲ್ಲ.

ಅಮೆರಿಕದಲ್ಲಿ 2000ರಲ್ಲಿ ಒಂದು ಕಾನೂನು ಬಂದಿತ್ತು. ಸುರಕ್ಷತೆಯ ಬಗ್ಗೆ ಪ್ರಶ್ನೆ ಎತ್ತಿದ ವಿಮಾನಯಾನ ನೌಕರರ ಮೇಲೆ ಕಂಪನಿ ಸೇಡು ತೀರಿಸಿಕೊಳ್ಳೋ ಹಾಗಿಲ್ಲ ಅಂತ. ಅದನ್ನೇ ಹಿಡಿದು ಆ ಹದಿಮೂರು ಜನ 2015ರ ಜನವರಿಯಲ್ಲಿ ಸರ್ಕಾರಕ್ಕೆ ದೂರು ಕೊಟ್ಟರು. ಡ್ರೈಡನ್‌ನಲ್ಲಿ ಹಾರ್ಟ್‌ವಿಕ್ ಮುಂದೆ ಇಂಥ ಕಾನೂನೂ ಇರಲಿಲ್ಲ, ಜೊತೆಗೆ ನಿಲ್ಲೋಕೆ ಇನ್ನು ಹನ್ನೆರಡು ಜನರೂ ಇರಲಿಲ್ಲ.